ಸಂಶಯವನ್ನು ನುಡಿಯುವ ಧರ್ಮ

ಹೃದಯವನ್ನು ಶಸ್ತ್ರಕ್ಕೆ ಒಡ್ಡುವ ಮುನ್ನ ವೈದ್ಯನು ಯಕೃತ್ತಿನ ಕ್ಷೇಮವನ್ನು ವಿಚಾರಿಸುತ್ತಾನೆ. ರೋಗವು ಎದೆಯಲ್ಲಿರುವಾಗ ಪರೀಕ್ಷೆಯು ಹೊಟ್ಟೆಗೇಕೆ ಎಂದು ಮನೆಯವರು ತಬ್ಬಿಬ್ಬಾಗುವುದು ಸಹಜ. "ವಾಲ್ವ್ ಕೆಟ್ಟಿದೆ ಅಂದಿರಿ, ಈಗ ಲಿವರ್ ಅಂತೀರಲ್ಲ ಡಾಕ್ಟ್ರೇ" ಎಂಬ ಮಾತು ಹೃದ್ರೋಗದ ವಾರ್ಡುಗಳಲ್ಲಿ ಅಪರೂಪವಲ್ಲ. ಈ ಶಂಕೆಗೆ ವೈದ್ಯಶಾಸ್ತ್ರವು ಕೊಡತಕ್ಕ ಸಮಾಧಾನವು ಸ್ಪಷ್ಟವಾಗಿಯೇ ಇದೆ. ಅದನ್ನು ಮುಂದೆ ನೋಡೋಣ. ಆದರೆ ರಕ್ತಪರೀಕ್ಷೆಯ ಫಲಗಳನ್ನೆಲ್ಲ ಕೂಡಿಸಿ ಗುಣಿಸಿ, ಇಂಥ ಸ್ಥಿತಿಯಲ್ಲಿ ಆಪರೇಷನ್ ಆದ ನೂರು ಮಂದಿಯಲ್ಲಿ ಇಷ್ಟು ಮಂದಿ ಉಳಿಯುವುದಿಲ್ಲವೆಂದು ವೈದ್ಯನು ಹೇಳಿದ ಕ್ಷಣದಲ್ಲಿ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಯಾವ ಪ್ರಯೋಗಶಾಲೆಯೂ ಉತ್ತರವೀಯಲಾರದು. ನೂರು ಮಂದಿಯನ್ನು ಕುರಿತು ಆಡಿದ ಮಾತಿನಿಂದ ಒಬ್ಬಳ ವಿಷಯದಲ್ಲಿ ಏನನ್ನು ಹೇಳಿದಂತಾಯಿತು? ಅವಳು ಸಾಯುವುದಾದರೆ ಪೂರ್ತಿಯಾಗಿ ಸಾಯುತ್ತಾಳೆ, ಬದುಕುವುದಾದರೆ ಪೂರ್ತಿಯಾಗಿ ಬದುಕುತ್ತಾಳೆ. ನೂರರಲ್ಲಿ ಹದಿನೈದರಷ್ಟು ಸಾಯುವುದು ಯಾವ ಜೀವಕ್ಕೂ ಸಾಧ್ಯವಿಲ್ಲ. ಹಾಗಿರುವಾಗ ಆ ಸಂಖ್ಯೆಯನ್ನು ಕೇಳಿ ಅವಳು ಮಾಡತಕ್ಕದ್ದೇನು, ಹೇಳಿದವನ ಕರ್ತವ್ಯವೇನು? ನಮ್ಮ ಪೂರ್ವಿಕರು ದೈವ ಮತ್ತು ಪುರುಷಕಾರ ಎಂಬ ಹೆಸರುಗಳಿಂದ ಬಹುಕಾಲ ಚರ್ಚಿಸಿದ ವಿಷಯವೇ ಇಂದು ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗಣ ಬೆಂಚಿನ ಮೇಲೆ ಪುನಃ ಬಂದು ಕುಳಿತಿದೆಯೆಂದು ನನಗೆ ತೋರುತ್ತದೆ.

ಮೊದಲು ಶರೀರದ ಮಾತು. ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಕಾಲುಭಾಗವು ಯಕೃತ್ತನ್ನು ಹಾದುಹೋಗುತ್ತದೆ. ಆ ಕಾಲುಭಾಗದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳು ಪ್ಲೀಹಗಳಲ್ಲಿ ಆಗಲೇ ಒಮ್ಮೆ ಸುತ್ತಿ, ತನ್ನ ಪ್ರಾಣವಾಯುವಿನಲ್ಲಿ ಒಂದಂಶವನ್ನು ಕಳೆದುಕೊಂಡು ಬಂದ ರಕ್ತ. ಆದಕಾರಣ ಹೃದಯದ ಹರಿವಿನಲ್ಲಿ ಕೊರತೆಯಾದರೆ ಅದರ ದುಃಖವನ್ನು ಮೊದಲು ಅನುಭವಿಸುವ ಅಂಗಗಳಲ್ಲಿ ಯಕೃತ್ತೂ ಒಂದು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯನು ಹೃದಯ ಶ್ವಾಸಕೋಶಗಳ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೃದಯದೊಳಗಣ ರಂಧ್ರವನ್ನು ಮುಚ್ಚಿದನು. ಅಂದಿನಿಂದ ಇಂದಿನವರೆಗೆ ಆ ಯಂತ್ರವು ಬಹಳ ಸುಧಾರಿಸಿದ್ದರೂ ಅದು ಶರೀರದಿಂದ ಕೇಳುವ ತೆರಿಗೆ ಬದಲಾಗಿಲ್ಲ: ರಕ್ತವು ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಬೇಕು, ಯಂತ್ರದಲ್ಲಿ ತುಂಬಿದ ದ್ರವದೊಡನೆ ಬೆರೆತು ರಕ್ತ ತೆಳುವಾಗಬೇಕು, ಶರೀರವನ್ನು ಹಲವು ವೇಳೆ ತಂಪುಮಾಡಬೇಕು, ನಾಡಿಯ ಮಿಡಿತವಿಲ್ಲದ ಸಮನಾದ ಹರಿವನ್ನು ಗಂಟೆಗಟ್ಟಲೆ ಅಂಗಗಳೆಲ್ಲ ಸಹಿಸಬೇಕು. ಇದೆಲ್ಲ ಮುಗಿದು ಎದೆಯನ್ನು ಹೊಲಿಯುವ ಹೊತ್ತಿಗೆ, ಮತ್ತೆ ರಕ್ತವನ್ನು ಹೆಪ್ಪುಗಟ್ಟಿಸುವ ಭಾರ ಬೀಳುವುದು ಬಹುಮಟ್ಟಿಗೆ ಯಕೃತ್ತಿನ ಮೇಲೆ. ಏತಕ್ಕೆಂದರೆ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವು ಸಿದ್ಧವಾಗುವುದು ಅಲ್ಲಿಯೇ. ಅವುಗಳಲ್ಲಿ ಕೆಲವು ಕೆಲವೇ ಗಂಟೆಗಳಲ್ಲಿ ವ್ಯಯವಾಗುವಂಥವು. ಹೊಸದಾಗಿ ಬರುತ್ತಲೇ ಇರಬೇಕು. ರಕ್ತವಾಹಿ ಸ್ರೋತಸ್ಸುಗಳಿಗೆ ಯಕೃತ್ತು ಪ್ಲೀಹಗಳೇ ಮೂಲವೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಆ ಕಾಲದವರು ಅದನ್ನು ಯಾವ ಆಧಾರದಿಂದ ಕಂಡರೋ ಹೇಳುವುದು ಕಷ್ಟ. ಆದರೆ ಶಸ್ತ್ರಚಿಕಿತ್ಸೆಯ ರಾತ್ರಿ ರಕ್ತಸ್ರಾವವು ನಿಲ್ಲದೆ ಕಂಗೆಟ್ಟ ವೈದ್ಯನಿಗೆ ಆ ವಾಕ್ಯವು ಹಳೆಯದೆನ್ನಿಸಲಾರದು.

ಹೃದಯವು ತನ್ನ ನೋವನ್ನು ಬೇಗ ಸಾರುತ್ತದೆ. ಯಕೃತ್ತು ಹಾಗಲ್ಲ, ತನ್ನ ಶಕ್ತಿಯಲ್ಲಿ ಬಹುಭಾಗವನ್ನು ಕಳೆದುಕೊಂಡ ಮೇಲೆಯೂ ಅದು ದಿನನಿತ್ಯದ ಬಾಳನ್ನು ತೂಗಿಸಿಕೊಂಡು ಹೋಗುತ್ತಿರುತ್ತದೆ. ಒಳಗೊಳಗೇ ಗಂಟುಗಟ್ಟಿ ಗಡುಸಾದ ಯಕೃತ್ತಿನವನು ಹೊಲಕ್ಕೆ ಹೋಗಿಬರುತ್ತಿರಬಹುದು, ಕಚೇರಿಯಲ್ಲಿ ಲೆಕ್ಕ ಬರೆಯುತ್ತಿರಬಹುದು. ಶಸ್ತ್ರಚಿಕಿತ್ಸೆಯೆಂಬ ಹೊರೆ ಬಿದ್ದಾಗಲೇ ಅದರ ಬಡತನ ಬಯಲಾಗುವುದು. ಸಾಮಾನ್ಯವಾಗಿ ಬರೆದುಕೊಡುವ ಪರೀಕ್ಷೆಗಳಲ್ಲಿ ಎಸ್‌.ಜಿ.ಓ.ಟಿ., ಎಸ್‌.ಜಿ.ಪಿ.ಟಿ. ಎಂಬ ಎರಡು ಅದರ ಜೀವಕೋಶಗಳಿಗಾದ ಗಾಯವನ್ನು ಮಾತ್ರ ತಿಳಿಸುತ್ತವೆ. ಅದು ಮಾಡುತ್ತಿರುವ ಕೆಲಸವೆಷ್ಟೆಂಬುದನ್ನು ಆಲ್ಬುಮಿನ್ನಿನಿಂದಲೂ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲದಿಂದಲೂ, ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯದಿಂದಲೂ ಊಹಿಸಬೇಕಾಗುತ್ತದೆ. ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು ಮೂರು ವಾರ. ಆದ್ದರಿಂದ ಅದು ಹೇಳುವುದು ಹಲವು ವಾರಗಳ ಸಂಗತಿ, ಈ ಬೆಳಗಿನದಲ್ಲ.

ಈಗ ನಮ್ಮ ದೇಶದಲ್ಲಿ ಬಹಳವಾಗಿ ಕಾಣಬರುವ ಒಂದು ಸ್ಥಿತಿಯನ್ನು ನೋಡೋಣ. ಬಾಲ್ಯದಲ್ಲಿ ಗಂಟಲುನೋವು ಬಂದು, ಅದರ ಹಿಂದೆ ಕೀಲುನೋವಿನ ಜ್ವರ ಬಂದು, ಆ ಜ್ವರವು ಹೃದಯದ ಕವಾಟವನ್ನು ಕಚ್ಚಿ ಹೋಗಿರುವ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ರುಮ್ಯಾಟಿಕ್ ಎಂದು ವೈದ್ಯರು ಕರೆಯುವ ಈ ರೋಗವನ್ನು ಪೆನಿಸಿಲಿನ್ ಚುಚ್ಚುಮದ್ದಿನಿಂದ ತಡೆಯಬಹುದಾಗಿತ್ತು, ಯಾರೂ ತಡೆಯಲಿಲ್ಲ. ಎಡಗಡೆಯ ಮೈಟ್ರಲ್ ಕವಾಟ ವರ್ಷವರ್ಷಕ್ಕೂ ಕಿರಿದಾಗಿ, ರಕ್ತವು ಶ್ವಾಸಕೋಶಗಳಲ್ಲಿ ಹಿಂದೊತ್ತಿ, ಅಲ್ಲಿಂದ ಬಲಗಡೆಯ ಕೋಣೆಗಳಿಗೆ ಆಯಾಸವಾಗಿ, ಕೊನೆಗೆ ಬಲಗಡೆಯ ಕವಾಟವೂ ಸೋರತೊಡಗುತ್ತದೆ. ಆಗ ಹೃದಯಕ್ಕೆ ಹಿಂದಿರುಗಲಾರದ ರಕ್ತವು ಯಕೃತ್ತಿನಲ್ಲಿ ನಿಂತುಬಿಡುತ್ತದೆ. ಅಂಥ ಯಕೃತ್ತನ್ನು ಕೊಯ್ದು ನೋಡಿದವರು ಅದಕ್ಕೆ ಜಾಯಿಕಾಯಿಯ ಹೆಸರನ್ನಿಟ್ಟಿದ್ದಾರೆ: ಕೊಯ್ದ ಜಾಯಿಕಾಯಿಯಲ್ಲಿರುವಂತೆಯೇ ಕಪ್ಪು ತಿಳಿ ಬಣ್ಣಗಳ ಗೆರೆಗಳು ಅದರಲ್ಲಿ ಕಾಣುತ್ತವೆ. ಆ ಗೃಹಿಣಿಯ ಕಾಲುಗಳಲ್ಲಿ ಬಾವು, ಕಣ್ಣಿನಲ್ಲಿ ಕಾಮಾಲೆಯ ಛಾಯೆ, ಹೊಟ್ಟೆಯಲ್ಲಿ ನೀರು. ಇಷ್ಟಾಗುವತನಕ ಅವಳು ಆಸ್ಪತ್ರೆಗೆ ಏಕೆ ಬರಲಿಲ್ಲವೆಂದು ಕೇಳುವವರು ಆ ಮನೆಯ ಲೆಕ್ಕಪುಸ್ತಕವನ್ನು ನೋಡಿದವರಲ್ಲ. ಮಗನ ಫೀಸು ಕಟ್ಟುವುದಿತ್ತು, ಮಗಳ ಮದುವೆ ಆಗಬೇಕಾಗಿತ್ತು, ಸುಗ್ಗಿ ಮುಗಿಯಬೇಕಾಗಿತ್ತು.

ಇಲ್ಲಿ ತರ್ಕಶಾಸ್ತ್ರದವರು ಅನ್ಯೋನ್ಯಾಶ್ರಯವೆಂದು ಕರೆಯುವ ತೊಡಕು ವೈದ್ಯನ ಮುಂದೆ ಬಂದು ನಿಲ್ಲುತ್ತದೆ. ಯಕೃತ್ತು ಸುಧಾರಿಸಬೇಕಾದರೆ ಹೃದಯದ ಕವಾಟವನ್ನು ಸರಿಪಡಿಸಬೇಕು. ಕವಾಟವನ್ನು ಸರಿಪಡಿಸಬೇಕಾದರೆ ಯಕೃತ್ತು ಶಸ್ತ್ರಚಿಕಿತ್ಸೆಯನ್ನು ತಾಳುವಂತಿರಬೇಕು. ಹೃದಯವೇ ಯಕೃತ್ತನ್ನು ಕೆಡಿಸಿತು; ಕೆಟ್ಟ ಯಕೃತ್ತು ಈಗ ಹೃದಯದ ಚಿಕಿತ್ಸೆಗೆ ಅಡ್ಡಬಂದಿದೆ. ಗ್ರಂಥದಲ್ಲಿ ಅನ್ಯೋನ್ಯಾಶ್ರಯವು ದೋಷ. ಅದನ್ನು ತೋರಿಸಿಕೊಟ್ಟರೆ ವಾದವು ಬಿದ್ದುಹೋಗುತ್ತದೆ. ಶರೀರದಲ್ಲಿ ಅದನ್ನು ತೋರಿಸಿಕೊಟ್ಟ ಮಾತ್ರಕ್ಕೆ ಏನೂ ಬಗೆಹರಿಯದು. ಯಾವುದಾದರೊಂದು ಕಡೆಯಲ್ಲಿ ಸುತ್ತನ್ನು ಕಡಿಯಲೇಬೇಕು. ಕೆಲವು ದಿನಗಳ ಮಟ್ಟಿಗೆ ಮೂತ್ರವನ್ನು ಹೆಚ್ಚಿಸುವ ಔಷಧಗಳಿಂದ ನೀರನ್ನಿಳಿಸಿ, ಉಪ್ಪನ್ನು ಬಿಡಿಸಿ, ಪೌಷ್ಟಿಕಾಹಾರವನ್ನಿತ್ತು, ಯಕೃತ್ತಿಗೆ ಒಂದಿಷ್ಟು ಉಸಿರಾಡಲು ಅವಕಾಶ ಮಾಡಿ, ಆ ಬಿಡುವಿನಲ್ಲಿ ಶಸ್ತ್ರಚಿಕಿತ್ಸೆಯನ್ನು ಮಾಡುವುದುಂಟು. ರೋಗದ ಆರಂಭದಲ್ಲಿಯೇ ಬಂದವರಿಗಾದರೆ ಎದೆಯನ್ನು ತೆರೆಯದೆ, ತೊಡೆಯ ಸಿರೆಯಿಂದ ಒಂದು ಬಲೂನನ್ನು ಕಳುಹಿಸಿ ಕವಾಟವನ್ನು ಅಗಲಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆಯು ಬಹುಕಾಲದಿಂದ ನಡೆದುಬಂದಿದೆ. ಈ ಗೃಹಿಣಿಯ ಪಾಲಿಗೆ ಆ ಕಾಲವು ಕಳೆದುಹೋಗಿದೆ.

ಇವಳ ಗಂಡಾಂತರವನ್ನು ಅಳೆಯುವುದಕ್ಕೆ ವೈದ್ಯನ ಕೈಯಲ್ಲಿರುವ ಮಾನದಂಡಗಳು ಯಾವುವು? 1964ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಚೈಲ್ಡ್ ಮತ್ತು ಟರ್ಕಾಟ್ ಎಂಬಿಬ್ಬರು ಯಕೃತ್ತಿನ ರೋಗಿಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. 1973ರಲ್ಲಿ ಲಂಡನ್ನಿನ ಪ್ಯೂ ಮತ್ತು ಅವರ ಸಹೋದ್ಯೋಗಿಗಳು ಅದನ್ನು ತಿದ್ದಿದರು. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಕಾಲ, ಜಲೋದರ, ಬುದ್ಧಿಯ ಮಂಪರು ಎಂಬ ಐದಕ್ಕೂ ಒಂದರಿಂದ ಮೂರರವರೆಗೆ ಅಂಕ. ಒಟ್ಟು 5ರಿಂದ 15. ಐದು ಆರು ಬಂದವರು ಎ ದರ್ಜೆ, ಏಳರಿಂದ ಒಂಬತ್ತು ಬಿ, ಹತ್ತು ಮತ್ತು ಮೇಲ್ಪಟ್ಟವರು ಸಿ. ಎ ದರ್ಜೆಯವರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ತಕ್ಕ ಎಚ್ಚರದಿಂದ ಮಾಡಬಹುದೆಂದೂ, ಬಿ ದರ್ಜೆಯಲ್ಲಿ ಅಪಾಯವು ಬಹಳವಾಗಿ ಏರುವುದೆಂದೂ, ಸಿ ದರ್ಜೆಯಲ್ಲಿ ಸಾಮಾನ್ಯವಾಗಿ ಕೈಹಾಕಬಾರದೆಂದೂ ಇಂದಿನ ಅಭಿಪ್ರಾಯ. ಮೊದಲಿನ ಪಟ್ಟಿಯಲ್ಲಿ ರೋಗಿಯ ಪೋಷಣೆಯೂ ಒಂದು ಅಂಶವಾಗಿತ್ತು. ಪ್ಯೂ ಅದನ್ನು ತೆಗೆದು, ಅದರ ಎಡೆಯಲ್ಲಿ ಹೆಪ್ಪುಗಟ್ಟುವ ಕಾಲವನ್ನಿರಿಸಿದರು. ಪೋಷಣೆಯು ನೋಡುವವನ ಕಣ್ಣಿಗೆ ಸಂಬಂಧಿಸಿದ್ದು, ಕಾಲವನ್ನಾದರೋ ಗಡಿಯಾರದಿಂದ ಅಳೆಯಬಹುದು. ಅಳತೆಯ ದೃಷ್ಟಿಯಿಂದ ಅದು ಲಾಭವೇ ಸರಿ. ಆದರೂ ಹಾಸಿಗೆಯ ಪಕ್ಕದಲ್ಲಿ ನಿಂತ ಅನುಭವಿ ವೈದ್ಯನು ಕೆನ್ನೆಲುಬಿನ ಮೇಲಣ ಮಾಂಸ ಕರಗಿರುವುದನ್ನೂ, ಹೆಗಲಿನ ಗುಳಿಯನ್ನೂ ಈಗಲೂ ನೋಡುತ್ತಾನೆ, ನೋಡಬೇಕಾದದ್ದೇ.

ಈ ಮಾನದಂಡವು ಹೃದಯಕ್ಕಾಗಿ ಹುಟ್ಟಿದ್ದಲ್ಲ. ಅನ್ನನಾಳದ ಉಬ್ಬಿದ ಸಿರೆಗಳಿಂದ ರಕ್ತಕಾರುವ ರೋಗಿಗಳ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ್ದು. ಮೇಯೋ ಕ್ಲಿನಿಕ್ಕಿನಲ್ಲಿ ರೂಪುಗೊಂಡು 2000ದಲ್ಲಿ ಪ್ರಕಟವಾದ ಮೆಲ್ಡ್ ಎಂಬ ಇನ್ನೊಂದು ಗಣನೆಯೂ ಹಾಗೆಯೇ: ಯಕೃತ್ತಿನೊಳಗೆ ರಕ್ತಕ್ಕೆ ಅಡ್ಡದಾರಿಯನ್ನು ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿ ಮೂರು ತಿಂಗಳು ಬದುಕುವರೆಂದು ತಿಳಿಯಲು ಅದನ್ನು ಕಟ್ಟಿದರು, 2002ರಿಂದ ಅಮೆರಿಕದಲ್ಲಿ ದಾನವಾಗಿ ಬಂದ ಯಕೃತ್ತನ್ನು ಯಾರಿಗೆ ಮೊದಲು ಕೊಡಬೇಕೆಂಬುದಕ್ಕೆ ಬಳಸಿದರು, ಅನಂತರ ಹೃದಯದ ವೈದ್ಯರೂ ಎರವಲು ಪಡೆದರು. ಹೃದಯಕ್ಕಾಗಿಯೇ ಹುಟ್ಟಿದ ಮಾನದಂಡವೊಂದುಂಟು. ಯುರೋಪಿನ ಎಂಟು ದೇಶಗಳ 128 ಆಸ್ಪತ್ರೆಗಳ ಸುಮಾರು ಹತ್ತೊಂಬತ್ತು ಸಾವಿರ ರೋಗಿಗಳ ವೃತ್ತಾಂತದಿಂದ 1999ರಲ್ಲಿ ಹೊರಬಂದ ಯೂರೋಸ್ಕೋರ್ ಎಂಬ ಆ ಗಣನೆಯು ವಯಸ್ಸನ್ನು ಕೇಳುತ್ತದೆ, ಮೂತ್ರಪಿಂಡವನ್ನು ಕೇಳುತ್ತದೆ, ಶ್ವಾಸಕೋಶವನ್ನು ಕೇಳುತ್ತದೆ, ಯಕೃತ್ತನ್ನು ಕೇಳುವುದಿಲ್ಲ. 2012ರಲ್ಲಿ ಬಂದ ಅದರ ಎರಡನೆಯ ರೂಪವೂ ಕೇಳುವುದಿಲ್ಲ. ಯಕೃತ್ತು ತೀರ ಕೆಟ್ಟವರನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವುದೇ ವಿರಳವಾದ ಕಾರಣ, ಅಂಥವರ ಅನುಭವವು ಲೆಕ್ಕಕ್ಕೆ ಸಿಗುವಷ್ಟು ಕೂಡಿಬರುವುದು ಕಷ್ಟ. ಯಾರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದೆವೋ ಅವರ ವಿಷಯದಲ್ಲಿ ಒಳಗಿನ ಪುಸ್ತಕವು ಮೌನವಾಗಿರುತ್ತದೆ. ಕಣಿವೆಯ ಆಳವನ್ನು ಇಳಿದವರಿಂದ ಮಾತ್ರ ತಿಳಿಯಬಹುದೆಂಬ ನಿಯಮದಿಂದ ವಿಜ್ಞಾನಕ್ಕೂ ವಿನಾಯಿತಿ ಇಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಹಸಿ ಸೌದೆಯಿದ್ದಲ್ಲಿ ಮಾತ್ರವೇ ಬೆಂಕಿಯು ಹೊಗೆಯಾಡುತ್ತದೆ ಎಂದು ನ್ಯಾಯದರ್ಶನದವರು ಹೇಳುವರು. ಮರೆಯಲ್ಲಿ ನಿಂತು ಸಂಬಂಧವನ್ನು ನಡೆಸುವ ಈ ಹಸಿ ಸೌದೆಗೆ ಅವರಿಟ್ಟ ಹೆಸರು ಉಪಾಧಿ. ಉಪಾಧಿಯನ್ನು ಹುಡುಕದೆ ಮಾಡಿದ ಅನುಮಾನವು ಅವರ ಮತದಲ್ಲಿ ಅನುಮಾನವೇ ಅಲ್ಲ. ನಮ್ಮ ಗೃಹಿಣಿಯ ರಕ್ತ ಹೆಪ್ಪುಗಟ್ಟುವ ಕಾಲವನ್ನು ಸೂಚಿಸುವ ಐ.ಎನ್.ಆರ್. ಎಂಬ ಸಂಖ್ಯೆ ಏರಿದೆಯೆನ್ನಿ. ಯಕೃತ್ತು ಹೆಪ್ಪುಗಟ್ಟಿಸುವ ಪ್ರೋಟೀನನ್ನು ಮಾಡಲಾರದಾಗಿದೆ ಎಂದು ಅದರಿಂದ ಊಹಿಸಿ, ಆ ಸಂಖ್ಯೆಯನ್ನು ಮೆಲ್ಡ್‌ನ ಸೂತ್ರಕ್ಕೆ ಹಾಕಿದರೆ ಭಯಂಕರವಾದ ಫಲವೊಂದು ಹೊರಬರುತ್ತದೆ. ಆದರೆ ಅವಳ ಹೃದಯದ ಲಯ ತಪ್ಪಿರುವುದರಿಂದ, ರಕ್ತವು ಅಲ್ಲಿ ಗರಣೆಗಟ್ಟದಿರಲೆಂದು, ಅವಳು ವರ್ಷಗಳಿಂದ ಅಸಿಟ್ರೋಂ ಮಾತ್ರೆಯನ್ನು ನುಂಗುತ್ತಿದ್ದಾಳೆ, ಐ.ಎನ್.ಆರ್. ಅನ್ನು ಏರಿಸುವುದೇ ಆ ಮಾತ್ರೆಯ ಕೆಲಸ. ಸಂಖ್ಯೆಯು ಸುಳ್ಳಲ್ಲ, ಅದರ ಹಿಂದೆ ಎರಡು ಕಾರಣಗಳಿದ್ದು ಒಂದನ್ನೇ ಕಂಡದ್ದು ದೋಷ. ಇದನ್ನರಿತವರು ಇಂಥವರಿಗಾಗಿ ಐ.ಎನ್.ಆರ್. ಅನ್ನು ಕೈಬಿಟ್ಟು, ಬಿಲಿರುಬಿನ್ ಮತ್ತು ಮೂತ್ರಪಿಂಡದ ಸ್ಥಿತಿಯನ್ನು ಸೂಚಿಸುವ ಕ್ರಿಯಾಟಿನಿನ್‌ಗಳಿಂದಲೇ ಎಣಿಸುವ ಬೇರೊಂದು ಸೂತ್ರವನ್ನು ಮಾಡಿದ್ದಾರೆ. ಅಲ್ಲಿಯೂ ಪ್ರಶ್ನೆಯು ಮುಗಿಯದು. ಅವಳ ಬಿಲಿರುಬಿನ್ ಏರಿರುವುದು ಯಕೃತ್ತು ಶಾಶ್ವತವಾಗಿ ಗಡುಸಾದುದರಿಂದಲೋ, ಕವಾಟ ಸರಿಹೋದರೆ ಇಳಿದುಹೋಗುವ ರಕ್ತದ ನಿಲುಗಡೆಯಿಂದಲೋ? ಮೊದಲನೆಯದಾದರೆ ಆ ಸಂಖ್ಯೆಯು ಹಿಂದೆ ಸರಿಯಿರೆನ್ನುತ್ತದೆ. ಎರಡನೆಯದಾದರೆ ಅದೇ ಸಂಖ್ಯೆ ತಡಮಾಡಬೇಡಿರೆನ್ನುತ್ತದೆ.

ಹಾಗಾದರೆ ಈ ಒಬ್ಬಳು ಯಾವ ನೂರು ಮಂದಿಗೆ ಸೇರಿದವಳು? ಕವಾಟದ ರೋಗಿಗಳ ನೂರಕ್ಕೆ ಸೇರಿಸಿದರೆ ಒಂದು ಲೆಕ್ಕ, ಜಲೋದರದವರ ನೂರಕ್ಕೆ ಸೇರಿಸಿದರೆ ಇನ್ನೊಂದು, ನಲವತ್ತರ ಆಸುಪಾಸಿನ ಸ್ತ್ರೀಯರ ನೂರಕ್ಕೆ ಸೇರಿಸಿದರೆ ಮತ್ತೊಂದು. ಒಂದೇ ವಸ್ತುವು ಅಸಂಖ್ಯ ವರ್ಗಗಳಿಗೆ ಸೇರಬಹುದಾದ್ದರಿಂದ ಸಂಭಾವ್ಯತೆಯು ವರ್ಗದ ಆಯ್ಕೆಯನ್ನು ಹೊಂದಿಕೊಂಡಿರುತ್ತದೆಂದು ಇಂಗ್ಲೆಂಡಿನ ತರ್ಕಜ್ಞ ಜಾನ್ ವೆನ್ 1866ರಲ್ಲಿಯೇ ಎತ್ತಿ ತೋರಿಸಿದ್ದನು. ಅವಳನ್ನು ಎಲ್ಲ ವಿಶೇಷಗಳೊಡನೆ ವರ್ಣಿಸುತ್ತ ಹೋದರೆ, ಕೊನೆಗೆ ಆ ವರ್ಗದಲ್ಲಿ ಅವಳೊಬ್ಬಳೇ ಉಳಿಯುತ್ತಾಳೆ. ಆಗ ಎಣಿಸುವುದಕ್ಕೆ ಏನೂ ಇರುವುದಿಲ್ಲ. ಇದರಿಂದ ಗಣನೆಯು ನಿಷ್ಪ್ರಯೋಜಕವೆಂದು ಹೇಳುವವರ ಪಕ್ಷದಲ್ಲಿ ನಾನಿಲ್ಲ. ಗಣನೆಯಿಲ್ಲದೆ ಹೋದರೆ ವೈದ್ಯನು ತನ್ನ ಕೊನೆಯ ರೋಗಿಯ ನೆನಪಿನಿಂದ ಮುಂದಿನ ರೋಗಿಯನ್ನು ತೂಗುತ್ತಾನೆ. ಅದು ಇನ್ನೂ ಕೆಟ್ಟದ್ದು. ಆದರೆ ಗಣನೆಯು ಕೊಡುವುದು ಸಂಶಯದ ಪರಿಮಾಣವನ್ನೇ ಹೊರತು ಸಂಶಯದ ನಿವಾರಣೆಯನ್ನಲ್ಲ.

ಸಂಖ್ಯೆಯನ್ನು ಕೇಳಿದ ಮನಸ್ಸು ಮಾತ್ರ ಅದನ್ನು ಹಾಗೆ ಸ್ವೀಕರಿಸುವುದಿಲ್ಲ. ಯಕೃತ್ತಿನಲ್ಲಿ ಭವಿಷ್ಯವನ್ನು ಓದುವುದು ಮನುಷ್ಯನ ಅತಿ ಪ್ರಾಚೀನ ಅಭ್ಯಾಸಗಳಲ್ಲೊಂದು. ಬ್ಯಾಬಿಲೋನಿನ ಪುರೋಹಿತರು ಬಲಿಯ ಕುರಿಯ ಯಕೃತ್ತನ್ನು ಹೊರತೆಗೆದು, ಅದರ ಗೆರೆ ಗುಳಿ ಗಂಟುಗಳಿಂದ ಅರಸನ ಯುದ್ಧದ ಫಲವನ್ನು ಹೇಳುತ್ತಿದ್ದರು. ಶಿಷ್ಯರು ಕಲಿಯುವುದಕ್ಕಾಗಿ ಮನೆಮನೆಯಾಗಿ ಗೆರೆಯೆಳೆದು ಬರೆದ ಜೇಡಿಮಣ್ಣಿನ ಯಕೃತ್ತೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಟಲಿಯ ಪಿಯಾಚೆಂಜಾ ಬಳಿಯ ಹೊಲದಲ್ಲಿ 1877ರಲ್ಲಿ ಸಿಕ್ಕಿದ ಕಂಚಿನ ಯಕೃತ್ತಿನ ಮೇಲೆ ದೇವತೆಗಳ ಹೆಸರುಗಳನ್ನು ಕೆತ್ತಿದೆ. ಇಂದಿನ ವೈದ್ಯನು ರೋಗಿಯ ಸ್ವಂತ ಯಕೃತ್ತನ್ನೇ ಓದುತ್ತಾನೆ, ಕಾರಣಸಹಿತವಾಗಿ ಓದುತ್ತಾನೆ, ವಿದ್ಯೆಯಲ್ಲಿ ಅಜಗಜಾಂತರವುಂಟು. ಕೇಳುವವನಲ್ಲಿ ಹೆಚ್ಚು ಅಂತರವಿಲ್ಲ. ಹಿಂದಿನವನು ಅದನ್ನು ದೇವತೆಗಳ ಲಿಖಿತವೆಂದು ತಿಳಿದನು, ಇಂದಿನವನು ಕಂಪ್ಯೂಟರಿನ ಲಿಖಿತವೆಂದು ತಿಳಿಯುತ್ತಾನೆ. ಲಿಖಿತವೆಂಬ ಭಾವ ಇಬ್ಬರದೂ ಒಂದೇ. "ಆಯುಸ್ಸು ಗಟ್ಟಿಯಿದ್ದರೆ ಉಳೀತಾಳೆ, ಇಲ್ಲದಿದ್ದರೆ ನಾವೇನು ಮಾಡೋಕಾಗುತ್ತೆ" ಎಂದು ಮನೆಯ ಹಿರಿಯರು ನುಡಿದುಬಿಟ್ಟರೆ ಪ್ರಶ್ನೆ ಅಲ್ಲಿಗೆ ಮುಗಿದಂತೆ ಕಾಣುತ್ತದೆ.

ಆಯುಸ್ಸು ನಿಯತವೋ ಅಲ್ಲವೋ ಎಂಬ ಈ ಪ್ರಶ್ನೆಯನ್ನೇ ಅಗ್ನಿವೇಶನು ತನ್ನ ಗುರುವಾದ ಪುನರ್ವಸು ಆತ್ರೇಯನಿಗೆ ಹಾಕಿದನೆಂದು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿದೆ. ಪಾಂಚಾಲರ ರಾಜಧಾನಿಯಾದ ಕಾಂಪಿಲ್ಯದ ಬಳಿ, ಗಂಗೆಯ ತೀರದಲ್ಲಿ, ಬೇಸಗೆಯ ಕೊನೆಯಲ್ಲಿ ಗುರುಶಿಷ್ಯರು ಅಡ್ಡಾಡುತ್ತಿದ್ದಾಗ ನಡೆದ ಸಂವಾದವದು. ಆತ್ರೇಯನ ಉತ್ತರವು ನಮ್ಮಲ್ಲಿ ಸಾಮಾನ್ಯವಾಗಿ ಪ್ರಚಾರದಲ್ಲಿರುವ ವಿಧಿವಾದಕ್ಕೆ ವಿರುದ್ಧವಾದದ್ದು. ಎಲ್ಲರ ಆಯುಸ್ಸೂ ನಿಯತವಾಗಿದ್ದರೆ ಔಷಧವೇಕೆ, ಹೋಮವೇಕೆ, ಹುಚ್ಚಾನೆ ಬಂದಾಗ ಓಡುವುದೇಕೆ ಎಂಬುದು ಅವನ ವಾದದ ಧಾಟಿ. ದೈವವೆಂದರೆ ಪೂರ್ವದೇಹದಲ್ಲಿ ತಾನೇ ಮಾಡಿದ ಕರ್ಮ. ಪುರುಷಕಾರವೆಂದರೆ ಈ ದೇಹದಲ್ಲಿ ಮಾಡುವ ಕರ್ಮ. ಎರಡರಲ್ಲಿ ಬಲವಾದದ್ದು ದುರ್ಬಲವಾದುದನ್ನು ಮೀರುತ್ತದೆ. ಗಾಡಿಯ ಅಚ್ಚು ಸರಿಯಾಗಿ ನಡೆಸಿದರೆ ತನ್ನ ಕಾಲ ಬಂದಾಗ ಸವೆದು ಮುಗಿಯುತ್ತದೆ. ಅದೇ ಅಚ್ಚು ಅತಿಭಾರದಿಂದ, ಹಳ್ಳತಿಟ್ಟಿನ ದಾರಿಯಿಂದ, ಕಡಾಣಿ ಕಳಚಿದ್ದರಿಂದ, ಕೀಲೆಣ್ಣೆಯಿಲ್ಲದ್ದರಿಂದ ನಡುದಾರಿಯಲ್ಲಿ ಮುರಿಯುತ್ತದೆ. ಮನುಷ್ಯನ ಕಾಲಮರಣ ಅಕಾಲಮರಣಗಳೂ ಹಾಗೆಯೇ ಎನ್ನುತ್ತಾನೆ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿಯೂ ಕರ್ಮಸಿದ್ಧಿಗೆ ಹೇಳಿದ ಐದು ಕಾರಣಗಳಲ್ಲಿ ದೈವವು ಐದನೆಯದು. ಅದನ್ನು ಒಂದನೆಯದನ್ನಾಗಿ, ಒಂದೇ ಒಂದನ್ನಾಗಿ ಮಾಡಿದವರು ನಾವು. ಚಿಕ್ಕಂದಿನಲ್ಲಿ ಪೆನಿಸಿಲಿನ್ ದೊರೆಯದಿದ್ದುದು, ಊರಿನಿಂದ ಆಸ್ಪತ್ರೆಗೆ ಇದ್ದ ದೂರ, ಮುಂದಕ್ಕೆ ಹಾಕಿದ ವರ್ಷಗಳು ಇವೆಲ್ಲ ಆ ಗೃಹಿಣಿಯ ಹಣೆಯಲ್ಲಿ ಬರೆದವಲ್ಲ. ಮನುಷ್ಯರು ಮಾಡಿದವು, ಮನುಷ್ಯರು ಮಾಡದೆ ಬಿಟ್ಟವು.

ಆಯುಸ್ಸು ನಿಯತವಲ್ಲವೆಂದ ಮೇಲೆ ವೈದ್ಯನು ಎಲ್ಲರಿಗೂ ಶಸ್ತ್ರವನ್ನಿಡಬೇಕೆ? ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಮೈತ್ರೇಯನೆಂಬವನು ಕಟುವಾದ ಆಕ್ಷೇಪವೊಂದನ್ನು ತರುತ್ತಾನೆ: ಚಿಕಿತ್ಸೆ ಪಡೆದವರಲ್ಲಿ ಕೆಲವರು ಬದುಕುತ್ತಾರೆ, ಕೆಲವರು ಸಾಯುತ್ತಾರೆ; ಪಡೆಯದವರಲ್ಲಿಯೂ ಹಾಗೆಯೇ; ಆದ್ದರಿಂದ ಎರಡೂ ಸಮ. ಇಂದು ಚಿಕಿತ್ಸೆ ಕೊಟ್ಟ ಗುಂಪನ್ನೂ ಕೊಡದ ಗುಂಪನ್ನೂ ಹೋಲಿಸಿ ನೋಡುವವರೆಲ್ಲರೂ ಮೈತ್ರೇಯನ ಪ್ರಶ್ನೆಗೇ ಉತ್ತರ ಕೊಡುತ್ತಿದ್ದಾರೆ. ಆತ್ರೇಯನು ರೋಗಗಳಲ್ಲಿ ಸಾಧ್ಯ ಅಸಾಧ್ಯಗಳೆಂಬ ಭೇದವನ್ನು ಮಾಡಿ, ಸಾಧ್ಯದಲ್ಲಿ ಚಿಕಿತ್ಸೆಯು ವ್ಯರ್ಥವಾಗದೆಂದೂ, ಅಸಾಧ್ಯಕ್ಕೆ ಕೈಹಾಕಿದ ವೈದ್ಯನು ಧನವನ್ನೂ ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದೂ ಹೇಳುತ್ತಾನೆ. ಈ ಕೊನೆಯ ಮಾತು ನನ್ನನ್ನು ಬಹಳವಾಗಿ ಕಾಡಿದೆ. ರೋಗಿಯ ಮರಣವನ್ನು ವೈದ್ಯನ ಕೀರ್ತಿಯ ತಕ್ಕಡಿಯಲ್ಲಿ ತೂಗಬಹುದೆ? ಅಮೆರಿಕದ ನ್ಯೂಯಾರ್ಕ್ ರಾಜ್ಯವು 1990ರ ಸುಮಾರಿನಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಯಾವ ಆಸ್ಪತ್ರೆಯಲ್ಲಿ, ಯಾವ ವೈದ್ಯನ ಕೈಯಲ್ಲಿ ಎಷ್ಟು ಮಂದಿ ತೀರಿಕೊಂಡರೆಂಬುದನ್ನು ಪ್ರಕಟಿಸತೊಡಗಿತು. ಜನರ ಹಿತಕ್ಕಾಗಿಯೇ ಕೈಗೊಂಡ ಕಾರ್ಯವದು. ಆದರೆ ಹೆಸರು ಕೆಟ್ಟೀತೆಂಬ ಅಂಜಿಕೆಯಿಂದ ವೈದ್ಯರು ಕಷ್ಟದ ರೋಗಿಗಳನ್ನು ದೂರವಿಡಬಹುದೆಂಬ ಕಳವಳವೂ ಅದರೊಡನೆಯೇ ಎದ್ದಿತು. ಗಣನೆಯಲ್ಲಿ ಯಕೃತ್ತಿಗೆ ಸ್ಥಾನವೇ ಇಲ್ಲದ ಕಡೆಯಲ್ಲಿ, ಯಕೃತ್ತಿನ ರೋಗಿಯನ್ನು ಧೈರ್ಯದಿಂದ ಕೈಹಿಡಿದವನ ಶ್ರಮವು ಲೆಕ್ಕಕ್ಕೆ ಬಾರದೆ, ಸೋಲು ಮಾತ್ರ ಲೆಕ್ಕಕ್ಕೆ ಬರುವುದೆಂಬುದನ್ನು ನೆನೆದರೆ ಆ ಕಳವಳವು ನ್ಯಾಯವೆನ್ನಿಸುತ್ತದೆ.

ಚರಕಸಂಹಿತೆಯೇ ಇದಕ್ಕೆ ಬೇರೊಂದು ದಾರಿಯನ್ನೂ ತೋರಿಸಿದೆ. ಅದೂ ಉದರರೋಗದ ಪ್ರಕರಣದಲ್ಲಿ, ಎಂದರೆ ಹೊಟ್ಟೆಯಲ್ಲಿ ನೀರು ತುಂಬಿದ ಇಂಥ ರೋಗಿಗಳ ವಿಷಯದಲ್ಲಿಯೇ. 1973ರಲ್ಲಿ ಪ್ಯೂ ಎಣಿಸಿದ ಐದರಲ್ಲಿ ಜಲೋದರವೂ ಒಂದಲ್ಲವೆ! ಚಿಕಿತ್ಸಾಸ್ಥಾನದ ಹದಿಮೂರನೆಯ ಅಧ್ಯಾಯದಲ್ಲಿ, ಸಾಮಾನ್ಯ ಕ್ರಿಯೆಗಳೆಲ್ಲ ಮೀರಿದ ಮೇಲೆ, ವೈದ್ಯನು ರೋಗಿಯ ದಾಯಾದಿಗಳನ್ನೂ ಮಿತ್ರರನ್ನೂ ಪತ್ನಿಯನ್ನೂ ಬ್ರಾಹ್ಮಣರನ್ನೂ ಅರಸನನ್ನೂ ಗುರುಗಳನ್ನೂ ಕಂಡು, ಏನೂ ಮಾಡದಿದ್ದರೆ ಮರಣವು ನಿಶ್ಚಿತವೆಂಬುದನ್ನೂ ಮಾಡಿದರೆ ಫಲವು ಸಂಶಯಾಸ್ಪದವೆಂಬುದನ್ನೂ ತಿಳಿಸಿ, ಅವರ ಅನುಮತಿಯನ್ನು ಪಡೆದು ಮುಂದುವರಿಯಬೇಕೆಂದು ವಿಧಿಸಿದೆ. ಆಮೇಲೆ ಕೊಡಲು ಹೇಳಿದ ಮದ್ದು ವಿಷ. ಅದನ್ನು ಇಂದು ಯಾರೂ ಅನುಸರಿಸತಕ್ಕದ್ದಲ್ಲ. ಮದ್ದಿಗಿಂತ ಹಿಂದಿನ ಹೆಜ್ಜೆಯು ಶಾಶ್ವತವಾದದ್ದು. ಸುಶ್ರುತನೂ ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವುದಕ್ಕೆ ಮುನ್ನ, ಕುಶಲನಾದವನ ಕೈಯಲ್ಲಿಯೂ ಸಿದ್ಧಿಯು ಅನಿಶ್ಚಿತವಾದ ಕಾರಣ ಒಡೆಯನ ಅನುಜ್ಞೆಯನ್ನು ಪಡೆಯಬೇಕೆಂದು ಇದೇ ತರ್ಕವನ್ನು ಹೇಳುತ್ತಾನೆ. ಅಸಾಧ್ಯವೆಂದು ಕೈಚೆಲ್ಲುವುದಕ್ಕೂ ಸಾಧ್ಯವೆಂದು ಭರವಸೆ ಕೊಡುವುದಕ್ಕೂ ನಡುವೆ ಒಂದು ಸ್ಥಾನವುಂಟೆಂದೂ, ಆ ಸ್ಥಾನದಲ್ಲಿ ನಿಂತವನ ಧರ್ಮವು ಸಂಶಯವನ್ನು ಸಂಶಯವೆಂದೇ ನುಡಿಯುವುದೆಂದೂ ಈ ಎರಡು ವಾಕ್ಯಗಳಿಂದ ಸಿದ್ಧವಾಗುತ್ತದೆ. ಗೌತಮನ ನ್ಯಾಯಸೂತ್ರವು ತಿಳಿಯತಕ್ಕ ಹದಿನಾರು ಪದಾರ್ಥಗಳಲ್ಲಿ ಸಂಶಯವನ್ನು ಮೂರನೆಯದನ್ನಾಗಿ ಎಣಿಸಿದೆ; ವಿಚಾರವು ಆರಂಭವಾಗುವುದೇ ಅಲ್ಲಿಂದ. ಸಂಶಯವನ್ನು ಬಾಯಿಬಿಟ್ಟು ಹೇಳಿದ ವೈದ್ಯನು ಅಜ್ಞಾನವನ್ನು ಒಪ್ಪಿಕೊಂಡವನಾಗುವುದಿಲ್ಲ. ರೋಗಿಯನ್ನು ವಿಚಾರಕ್ಕೆ ಅರ್ಹಳೆಂದು ಒಪ್ಪಿಕೊಂಡವನಾಗುತ್ತಾನೆ.

ಆದರೆ ಚರಕನ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ದಾಯಾದಿಗಳಿದ್ದಾರೆ, ಗುರುಗಳಿದ್ದಾರೆ, ಅರಸನಿದ್ದಾನೆ, ರೋಗಿಯಿಲ್ಲ. ಪೂಜ್ಯಗ್ರಂಥವಾದರೂ ಈ ಕೊರತೆಯನ್ನು ಕೊರತೆಯೆಂದೇ ಹೇಳಬೇಕಾಗಿದೆ. ಏಕೆಂದರೆ ಅದು ನಮ್ಮ ಮನೆಗಳಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ವೈದ್ಯನು ಮಗನನ್ನೂ ಅಳಿಯನನ್ನೂ ಕೊಠಡಿಯ ಹೊರಕ್ಕೆ ಕರೆದು ಮಾತನಾಡುತ್ತಾನೆ. ಒಳಗಿರುವವಳಿಗೆ "ಏನೂ ಇಲ್ಲಮ್ಮ, ಸಣ್ಣ ಆಪರೇಷನ್ನು, ದೇವರಿದಾನೆ" ಎಂದು ಹೇಳಿ ಮುಗಿಸುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆಂಬುದನ್ನು ನಾನು ಬಲ್ಲೆ. ಆದರೂ ಯಾರ ಎದೆಯನ್ನು ತೆರೆಯುವರೋ ಅವಳೊಬ್ಬಳ ಹೊರತು ಉಳಿದವರೆಲ್ಲರಿಗೂ ಆ ಸಂಖ್ಯೆ ತಿಳಿದಿರುವುದು ಅಧರ್ಮ.

ಯಕೃತ್ತಿನ ರೋಗದಲ್ಲಿ ಈ ಅಧರ್ಮಕ್ಕೆ ವಿಶೇಷವಾದ ಒಂದು ಕಾರಣವೂ ಸೇರುತ್ತದೆ. ರಕ್ತದಲ್ಲಿನ ವಿಷಗಳನ್ನು ಯಕೃತ್ತು ಕಳೆಯಲಾರದಾದಾಗ ಅವು ಮಿದುಳನ್ನು ಮುಟ್ಟುತ್ತವೆ. ಹಗಲಿನಲ್ಲಿ ನಿದ್ರೆ, ರಾತ್ರಿಯಲ್ಲಿ ಎಚ್ಚರ, ಮಾತಿನಲ್ಲಿ ತಡವರಿಕೆ, ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪು, ಕ್ರಮೇಣ ಮಂಪರು. ಪ್ಯೂ ಎಣಿಸಿದ ಐದನೆಯ ಲಕ್ಷಣ ಇದೇ. ಯಾವ ಬುದ್ಧಿಯಿಂದ ತನ್ನ ಬದುಕನ್ನು ಕುರಿತು ನಿಶ್ಚಯಿಸಬೇಕೋ ಆ ಬುದ್ಧಿಯನ್ನೇ ರೋಗವು ಮಬ್ಬುಗೊಳಿಸುತ್ತದೆ. ಬುದ್ಧಿಯು ಪ್ರಕೃತಿಯ ಪರಿಣಾಮವೆಂದು ಸಾಂಖ್ಯರು ಹೇಳಿದ ಮಾತು ಹಾಸಿಗೆಯ ಬಳಿ ಪ್ರತ್ಯಕ್ಷವಾದ ಕ್ಷಣವದು. ಆದಕಾರಣ ಕೇಳಬೇಕಾದುದನ್ನು ಮಬ್ಬು ಕವಿಯುವುದಕ್ಕೆ ಮೊದಲು ಕೇಳಬೇಕು, ಹೇಳಬೇಕಾದುದನ್ನು ಅವಳು ಗ್ರಹಿಸಬಲ್ಲ ದಿನದಲ್ಲಿ ಹೇಳಬೇಕು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಸ್ಟ್ರೆಚರಿನ ಮೇಲೆ ಮುಂದೊಡ್ಡಿದ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆರಳಿನ ಗುರುತು ಅನುಮತಿಯಾಗಲಾರದು.

ನಮ್ಮ ದೇಶದ ನ್ಯಾಯವೂ ಇದೇ ಮಾತನ್ನು ಹೇಳಿದೆ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅರಿವಳಿಕೆಯಲ್ಲಿದ್ದ ಪ್ರಾಪ್ತವಯಸ್ಕಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯು ಒಪ್ಪಿಗೆಯಲ್ಲವೆಂದು ತೀರ್ಪಿತ್ತು, ರೋಗಿಗೆ ತಿಳಿಸತಕ್ಕ ವಿಷಯಗಳನ್ನು ವಿವರಿಸಿತು: ಚಿಕಿತ್ಸೆಯ ಸ್ವರೂಪ ಮತ್ತು ಪ್ರಯೋಜನ, ಬೇರೆ ದಾರಿಗಳು, ಮುಖ್ಯವಾದ ಅಪಾಯಗಳು, ಹಾಗೂ ಚಿಕಿತ್ಸೆಯನ್ನು ನಿರಾಕರಿಸಿದರೆ ಆಗುವ ಕೇಡು. ಈ ಕೊನೆಯದು ಚರಕ ಸುಶ್ರುತರು ಹೇಳಿಕೊಟ್ಟದ್ದೇ ಆಗಿದೆ. ಮೊದಲಿನವರು ಅದನ್ನು ಅರಸನಿಗೆ ಹೇಳೆಂದರು, ನ್ಯಾಯಾಲಯವು ರೋಗಿಗೆ ಹೇಳೆಂದಿತು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯವರಿಗೆ ಇಂಥ ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದು, ವೈದ್ಯರು ನೂರಕ್ಕೆ ಇಷ್ಟೆಂದು ಹೇಳಿದರೆ, ಅದು ಎಂಥವರನ್ನು ಎಣಿಸಿ ಬಂದ ಲೆಕ್ಕ, ಯಕೃತ್ತು ಅದರಲ್ಲಿ ಸೇರಿದೆಯೋ ಇಲ್ಲವೋ, ಆಪರೇಷನ್ ಮಾಡಿಸದಿದ್ದರೆ ಎಷ್ಟು ಕಾಲ, ಕೆಲವು ವಾರ ಔಷಧ ಕೊಟ್ಟು ನೋಡಿದರೆ ಈ ಲೆಕ್ಕ ಬದಲಾದೀತೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯನು ಇದಕ್ಕೆ ಮುನಿಯುವುದಿಲ್ಲ. ಮತ್ತು ಕೇಳುವಾಗ ಹೊರಗಣ ಮೊಗಸಾಲೆಯಲ್ಲಿ ನಿಂತು ಕೇಳಬೇಡಿ. ತಾಯಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು, ಅವಳು ಕೇಳಿಸಿಕೊಳ್ಳುವಂತೆ ಕೇಳಿ, ಮೊದಲ ಮಾತನ್ನು ಅವಳೇ ಆಡಲಿ.